ಎದೆಯ ಚಿತ್ರದಲ್ಲಿ ಒಂದು ನೆರಳು

ಆಸ್ಪತ್ರೆಯಿಂದ ತಂದ ದೊಡ್ಡ ಲಕೋಟೆಯೊಂದು ಮನೆಮಂದಿಯೆಲ್ಲರ ನಿದ್ದೆಗೆಡಿಸಬಲ್ಲುದು. ಒಳಗೆ ಇರುವುದು ಎದೆಯ ಎಕ್ಸ್‌ರೇ ಹಾಳೆ, ಅದರ ಜೊತೆಗೆ ನಾಲ್ಕು ಸಾಲಿನ ವರದಿ. ಆ ನಾಲ್ಕು ಸಾಲಿನಲ್ಲಿ ‘ಬಲಗಡೆಯ ಶ್ವಾಸಕೋಶದ ಕೆಳಭಾಗದಲ್ಲಿ ದುಂಡನೆಯ ನೆರಳು’ ಎಂಬ ಮಾತು ಬಂದುಬಿಟ್ಟರೆ ಸಾಕು, ಓದಿದವರ ಎದೆ ಧಸಕ್ಕೆನ್ನುತ್ತದೆ. ಕ್ಷಯವೇ ಇರಬೇಕು ಎಂದು ಒಬ್ಬರು, ಕ್ಯಾನ್ಸರೇ ಇರಬೇಕು ಎಂದು ಇನ್ನೊಬ್ಬರು. ಈ ಎರಡು ಹೆಸರುಗಳನ್ನು ಬಿಟ್ಟು ಮೂರನೆಯದು ಯಾರ ಬಾಯಿಗೂ ಬರುವುದಿಲ್ಲ.

ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿರುವುದು ಆ ಮೂರನೆಯ ಸಾಧ್ಯತೆಯನ್ನು. ವಯಸ್ಕರ ಎದೆಯ ಗೂಡಿನೊಳಗೆ ಅಪರೂಪವಾಗಿ ಕೆಲವು ಗೆಡ್ಡೆಗಳು ಬೆಳೆಯುವುದುಂಟು. ಅವು ಕ್ಷಯವೂ ಅಲ್ಲ, ಕ್ಯಾನ್ಸರೂ ಅಲ್ಲ. ಇದ್ದಲ್ಲಿಯೇ ನಿಧಾನವಾಗಿ ಬೆಳೆಯುತ್ತವೆ. ಸಾಮಾನ್ಯವಾಗಿ ಬೇರೆ ಕಡೆಗೆ ಹರಡುವುದಿಲ್ಲ. ಇವನ್ನು ನಿರಪಾಯದ ಗೆಡ್ಡೆಗಳು, ಸಾಧು ಗೆಡ್ಡೆಗಳು ಎನ್ನುವುದು ವಾಡಿಕೆ. ಇಂಥ ಗೆಡ್ಡೆಯನ್ನು ಕೇಡಿನ ಗೆಡ್ಡೆಯಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ, ಅದರಲ್ಲಿ ಚಿತ್ರ ತೆಗೆಯುವ ಯಂತ್ರಗಳ ಪಾಲೆಷ್ಟು, ನಿಮ್ಮ ಪಾಲೆಷ್ಟು ಎಂಬುದೇ ಈ ಭಾಷಣದ ವಿಷಯ. ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಮೇಲು. ಚಿತ್ರದಲ್ಲಿ ಕಂಡ ನೆರಳು ಒಂದು ಪ್ರಶ್ನೆಯೇ ಹೊರತು ತೀರ್ಪಲ್ಲ.

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯಲ್ಲಿ ಎದೆಯ ಚಿತ್ರ ತೆಗೆಸುವ ಸಂದರ್ಭಗಳು ಈಗ ಬಹಳ. ಕೆಮ್ಮು ಎರಡು ವಾರ ದಾಟಿದರೆ ತೆಗೆಸುತ್ತಾರೆ. ಹರ್ನಿಯಾ ಆಪರೇಷನ್ನಿಗೆ ಮುಂಚೆ ತೆಗೆಸುತ್ತಾರೆ. ಹೊರದೇಶದ ಕೆಲಸಕ್ಕೆ ಹೊರಟ ಹುಡುಗರು ತೆಗೆಸಬೇಕಾಗುತ್ತದೆ. ಬೈಕಿನಿಂದ ಬಿದ್ದು ಪಕ್ಕೆಗೆ ಪೆಟ್ಟಾದರೂ ತೆಗೆಸುತ್ತಾರೆ. ಹೀಗೆ ಬೇರೆ ಯಾವುದನ್ನೋ ಹುಡುಕಲು ಹೋದಾಗ, ಯಾವ ತೊಂದರೆಯನ್ನೂ ಕೊಡದೆ ವರ್ಷಗಟ್ಟಲೆ ಸುಮ್ಮನಿದ್ದ ಗೆಡ್ಡೆಯೊಂದು ಕಣ್ಣಿಗೆ ಬೀಳುತ್ತದೆ. ಎದೆಯ ಸಾಧು ಗೆಡ್ಡೆಗಳಲ್ಲಿ ಬಹುಪಾಲು ಪತ್ತೆಯಾಗುವುದು ಹೀಗೆ ಅಕಸ್ಮಾತ್ತಾಗಿಯೇ.

ನೆರಳು ಎಂಬ ಮಾತಿನ ಅರ್ಥವನ್ನು ಮೊದಲು ತಿಳಿಯೋಣ. ೧೮೯೫ರ ನವೆಂಬರ್ ತಿಂಗಳಲ್ಲಿ ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಎಂಬ ಪ್ರಾಧ್ಯಾಪಕರು ಹೊಸ ಬಗೆಯ ಕಿರಣಗಳನ್ನು ಕಂಡುಹಿಡಿದರು. ಅವು ಏನೆಂದು ತಿಳಿಯದುದರಿಂದ ಅವಕ್ಕೆ ‘ಎಕ್ಸ್’ ಎಂಬ ಹೆಸರಿಟ್ಟರು. ನಮ್ಮ ಪಠ್ಯಪುಸ್ತಕಗಳು ಅದನ್ನೇ ಕ್ಷ-ಕಿರಣ ಎಂದವು. ಆ ವರ್ಷದ ಡಿಸೆಂಬರಿನಲ್ಲಿ ಅವರು ತಮ್ಮ ಪತ್ನಿಯ ಕೈಯ ಚಿತ್ರ ತೆಗೆದಾಗ ಬೆರಳಿನ ಮೂಳೆಗಳೂ ಉಂಗುರವೂ ಕಪ್ಪಾಗಿ ಮೂಡಿದವು. ೧೯೦೧ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಅವರಿಗೆ ಸಂದಿತು.

ಈ ಕಿರಣಗಳು ದೇಹವನ್ನು ಹಾಯ್ದು ಹೋಗುವಾಗ ಗಾಳಿ ಅವನ್ನು ತಡೆಯುವುದಿಲ್ಲ. ಕೊಬ್ಬು ಸ್ವಲ್ಪ ತಡೆಯುತ್ತದೆ. ಮಾಂಸ ಮತ್ತು ನೀರು ಅದಕ್ಕಿಂತ ಹೆಚ್ಚು. ಮೂಳೆ ಇನ್ನೂ ಹೆಚ್ಚು. ಲೋಹ ಎಲ್ಲಕ್ಕಿಂತ ಹೆಚ್ಚು. ಎಷ್ಟು ತಡೆಯಿತೋ ಅಷ್ಟು ಬೆಳ್ಳಗಿನ ಗುರುತು ಹಾಳೆಯ ಮೇಲೆ ಉಳಿಯುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ, ಹೃದಯ ಬಿಳುಪಾಗಿ, ಪಕ್ಕೆಲುಬುಗಳು ಮತ್ತಷ್ಟು ಬಿಳುಪಾಗಿ ಕಾಣುವುದು ಇದರಿಂದಲೇ. ಕಪ್ಪಗಿರಬೇಕಾದ ಕಡೆಯಲ್ಲಿ ಬಿಳಿಯ ಮಚ್ಚೆ ಕಂಡರೆ ಅದನ್ನು ನೆರಳು ಎನ್ನುತ್ತಾರೆ.

ತೊಗಲುಗೊಂಬೆಯ ಆಟವನ್ನು ನೆನಪಿಗೆ ತಂದುಕೊಳ್ಳಿ. ಪರದೆಯ ಮೇಲೆ ಎರಡು ಗೊಂಬೆಗಳ ನೆರಳು ಒಂದರ ಮೇಲೊಂದು ಬಿದ್ದರೆ ಯಾವುದು ಮುಂದಿನದು, ಯಾವುದು ಹಿಂದಿನದು ಎಂದು ಹೇಳಲಾಗುವುದಿಲ್ಲ. ಎದೆಯ ಚಿತ್ರದಲ್ಲಿ ಆಗುವುದೂ ಇದೇ. ಎದೆಯ ಮುಂಭಾಗದ ಚರ್ಮದಿಂದ ಬೆನ್ನಿನ ಚರ್ಮದವರೆಗೆ ಇರುವುದೆಲ್ಲ ಒಂದೇ ಹಾಳೆಯ ಮೇಲೆ ಒತ್ತೊತ್ತಾಗಿ ಮೂಡುತ್ತದೆ. ಮೊಲೆತೊಟ್ಟಿನ ನೆರಳು ದುಂಡು ಗೆಡ್ಡೆಯಂತೆ ಕಾಣುವುದುಂಟು. ಹಿಂದೆ ಮುರಿದು ಕೂಡಿಕೊಂಡ ಪಕ್ಕೆಲುಬು ಗಂಟಿನಂತೆ ಕಾಣುವುದುಂಟು. ಬೆನ್ನ ಚರ್ಮದ ಮೇಲಿನ ಒಂದು ಗಂತಿ ಶ್ವಾಸಕೋಶದ ಒಳಗಿರುವಂತೆ ತೋರುವುದುಂಟು. ಹೆಂಗಸರ ದಪ್ಪ ಜಡೆ ಹೆಗಲ ಮೇಲೆ ಬಿದ್ದಿದ್ದರೆ ಶ್ವಾಸಕೋಶದ ತುದಿಯಲ್ಲಿ ಕ್ಷಯದ ಕಲೆ ಇದೆಯೇನೋ ಎಂಬ ಅನುಮಾನವನ್ನೇ ಹುಟ್ಟಿಸಬಹುದು. ಆದುದರಿಂದ ಚಿತ್ರ ತೆಗೆಯುವ ಕೋಣೆಯಲ್ಲಿ ತಾಯತ, ಸರ ತೆಗೆಯಿರಿ, ಜಡೆಯನ್ನು ಎತ್ತಿ ಕಟ್ಟಿಕೊಳ್ಳಿ ಎಂದರೆ ಬೇಸರಪಡಬೇಡಿ. ‘ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ’ ಎಂದಾಗ ತುಂಬ ಎಳೆದು ಬಿಗಿಹಿಡಿಯಿರಿ. ಅರೆ ಉಸಿರಿನಲ್ಲಿ ತೆಗೆದ ಚಿತ್ರದ ಕೆಳಭಾಗದಲ್ಲಿ ಇಲ್ಲದ ನೆರಳುಗಳು ಕಾಣಬರುತ್ತವೆ.

ನೆರಳು ನಿಜವಾಗಿಯೂ ಶ್ವಾಸಕೋಶದಲ್ಲೇ ಇದೆ ಎಂದಾದರೆ ನಮ್ಮಲ್ಲಿ ಮೊದಲು ಬರುವ ಯೋಚನೆ ಕ್ಷಯ. ಇದರಲ್ಲಿ ಆಶ್ಚರ್ಯವಿಲ್ಲ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯ ಬಲಿತೆಗೆದುಕೊಂಡಿತು. ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವೇ ಎದ್ದಿತು. ಚಾಮರಾಜನಗರದ ಸೀಮೆಯಿಂದ ಎಷ್ಟೋ ತಲೆಮಾರಿನ ರೋಗಿಗಳು ಅಲ್ಲಿಗೆ ಹೋಗಿ ಬಂದಿದ್ದಾರೆ. ಕ್ಷಯ ಇಂದಿಗೂ ನಮ್ಮ ನಡುವೆ ಇದೆ. ಆದರೆ ನೆರಳನ್ನು ನೋಡಿದ ಮಾತ್ರಕ್ಕೆ ಕ್ಷಯವೆಂದು ನಿಶ್ಚಯಿಸಿ ಆರು ತಿಂಗಳ ಮಾತ್ರೆ ಶುರುಮಾಡುವುದು ಸರಿಯಾದ ಕ್ರಮವಲ್ಲ. ಕಫದ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನಡೆಯುತ್ತದೆ. ಕಫದಲ್ಲಿರುವ ಕ್ಷಯಾಣುವನ್ನು ಕೆಲವೇ ಗಂಟೆಗಳಲ್ಲಿ ಹಿಡಿದುಕೊಡುವ ಯಂತ್ರಗಳೂ ಈಗ ಬಂದಿವೆ. ಆ ಪರೀಕ್ಷೆ ಮೊದಲು ಆಗಲಿ. ಸಾಧು ಗೆಡ್ಡೆಗೆ ಕ್ಷಯದ ಮಾತ್ರೆ ನುಂಗಿದರೆ ಗೆಡ್ಡೆ ಕರಗುವುದಿಲ್ಲ, ಯಕೃತ್ತಿಗೆ ವೃಥಾ ಶ್ರಮ.

ಇನ್ನೊಂದು ಮಾತು. ಎಂದೋ ಬಂದು ತಾನಾಗಿಯೇ ವಾಸಿಯಾದ ಕ್ಷಯವು ಶ್ವಾಸಕೋಶದಲ್ಲಿ ಸುಣ್ಣಗಟ್ಟಿದ ಒಂದು ಗಂಟನ್ನು ಉಳಿಸಿ ಹೋಗುವುದುಂಟು. ಅದು ಮಾಗಿದ ಗಾಯದ ಗುರುತು, ಅಷ್ಟೆ. ಚಾಮರಾಜನಗರದ ಸುತ್ತಮುತ್ತಲ ಕಲ್ಲುಗಣಿಗಳಲ್ಲಿ ಕರಿಕಲ್ಲು ಒಡೆದು, ಕೊರೆದು ಧೂಳು ಕುಡಿದವರ ಶ್ವಾಸಕೋಶದಲ್ಲಿ ಧೂಳಿನಿಂದಲೇ ಸಣ್ಣಸಣ್ಣ ಗಂಟುಗಳು ಏಳುವುದೂ ಉಂಟು. ಆದುದರಿಂದ ನೀವು ಯಾವ ಕೆಲಸ ಮಾಡಿದಿರಿ, ಎಷ್ಟು ವರ್ಷ ಮಾಡಿದಿರಿ, ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ, ಬೀಡಿ ಸಿಗರೇಟಿನ ಅಭ್ಯಾಸ ಉಂಟೇ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವಾಗಿ ಹೇಳಿ. ಚಿತ್ರವನ್ನು ಓದುವ ತಜ್ಞರಿಗೆ ಈ ಸಂಗತಿಗಳು ಅರ್ಧ ಉತ್ತರವಿದ್ದಂತೆ.

ಇನ್ನು ಸಾಧು ಗೆಡ್ಡೆಗಳ ವಿಚಾರ. ಶ್ವಾಸಕೋಶದ ಒಳಗೆ ಬೆಳೆಯುವ ಸಾಧು ಗೆಡ್ಡೆಗಳಲ್ಲಿ ಹೆಚ್ಚಾಗಿ ಕಾಣುವುದು ಹಮಾರ್ಟೋಮ. ಗ್ರೀಕ್ ಭಾಷೆಯಲ್ಲಿ ‘ತಪ್ಪು’ ಎಂಬ ಅರ್ಥದ ಮಾತಿನಿಂದ ೧೯೦೪ರಲ್ಲಿ ಈ ಹೆಸರನ್ನು ಕಟ್ಟಿದರು. ಮೃದ್ವಸ್ಥಿ, ಕೊಬ್ಬು, ನಾರು ಇವೆಲ್ಲ ದೇಹದಲ್ಲಿ ಇರಬೇಕಾದ ವಸ್ತುಗಳೇ. ಆದರೆ ಇಲ್ಲಿ ಅವು ಅಳತೆಗೆಟ್ಟು ಒಂದೆಡೆ ಮುದ್ದೆಯಾಗಿವೆ. ಸಾಮಾನ್ಯವಾಗಿ ನಲವತ್ತು ದಾಟಿದವರಲ್ಲಿ ಕಂಡುಬರುತ್ತದೆ. ವರ್ಷಕ್ಕೆ ಕೆಲವೇ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಕೆಲವದರಲ್ಲಿ ಸುಣ್ಣದ ಅಂಶ ಕೂಡಿಕೊಂಡು, ಚಿತ್ರದಲ್ಲಿ ಮುಸುಕಿನ ಜೋಳದ ಅರಳಿನಂತೆ ಉಬ್ಬುಬ್ಬಾಗಿ ಕಾಣುತ್ತದೆ. ಈ ಗುರುತು ಕಂಡರೆ ತಜ್ಞರ ಮನಸ್ಸು ಬಹುಮಟ್ಟಿಗೆ ಹಗುರಾಗುತ್ತದೆ. ಆದರೆ ಎಲ್ಲದರಲ್ಲೂ ಇದು ಕಾಣಸಿಗುವುದಿಲ್ಲ.

ಎರಡು ಶ್ವಾಸಕೋಶಗಳ ನಡುವೆ, ಹೃದಯದ ಸುತ್ತಲಿನ ಜಾಗದಲ್ಲಿ ಬೇರೆ ಬಗೆಯವು ಹುಟ್ಟುತ್ತವೆ. ಅಲ್ಲಿ ಗೆಡ್ಡೆ ಇರುವ ಸ್ಥಳವೇ ಅದರ ಕುಲವನ್ನು ಸೂಚಿಸುತ್ತದೆ. ಎದೆಮೂಳೆಯ ಹಿಂದೆ, ಮುಂಭಾಗದಲ್ಲಿದ್ದರೆ ಕತ್ತಿನಿಂದ ಕೆಳಗಿಳಿದ ಗಳಗಂಡವಿರಬಹುದು. ಇಲ್ಲವೆ ಟೆರಟೋಮ ಎಂಬುದಿರಬಹುದು. ಟೆರಟೋಮ ಬಹಳ ವಿಚಿತ್ರವಾದದ್ದು. ಅದರ ಚೀಲದೊಳಗೆ ಕೊಬ್ಬು, ಕೂದಲು, ಒಮ್ಮೊಮ್ಮೆ ಹಲ್ಲು ಸಹ ಇರುತ್ತದೆ. ಹುಟ್ಟುವ ಮೊದಲೇ ದಾರಿತಪ್ಪಿ ಉಳಿದ ಜೀವಕೋಶಗಳು ಇದಕ್ಕೆ ಕಾರಣ; ಗ್ರಹಚಾರವೂ ಅಲ್ಲ, ಮಾಟವೂ ಅಲ್ಲ. ಬೆನ್ನುಮೂಳೆಯ ಪಕ್ಕದಲ್ಲಿ, ಹಿಂಭಾಗದಲ್ಲಿದ್ದರೆ ನರದ ಹೊದಿಕೆಯಿಂದ ಹುಟ್ಟಿದ ಗೆಡ್ಡೆಯಿರಬಹುದು. ಮುಂಭಾಗದಲ್ಲಿ ಥೈಮಸ್ ಗ್ರಂಥಿಯಿಂದ ಹುಟ್ಟುವ ಗೆಡ್ಡೆಯೂ ಉಂಟು. ಅದು ಎಷ್ಟೇ ಸೌಮ್ಯವಾಗಿ ಕಂಡರೂ ಪೂರ್ತಿ ನಂಬುವಂತಿಲ್ಲವಾದುದರಿಂದ ಸಾಧಾರಣವಾಗಿ ತೆಗೆದುಹಾಕುತ್ತಾರೆ.

ಶ್ವಾಸಕೋಶವನ್ನು ಸುತ್ತಿರುವ ತೆಳು ಪೊರೆಯಿಂದಲೂ ಒಂದು ಗೆಡ್ಡೆ ಹುಟ್ಟುತ್ತದೆ. ಒಂಟಿ ನಾರುಗೆಡ್ಡೆ ಎಂದು ಕರೆಯೋಣ. ೧೯೩೧ರಲ್ಲಿ ನ್ಯೂಯಾರ್ಕಿನ ಕ್ಲೆಂಪರರ್ ಮತ್ತು ರಾಬಿನ್ ಎಂಬ ವೈದ್ಯರು ಇದನ್ನು ಬೇರೆಯಾಗಿ ಗುರುತಿಸಿ ವಿವರಿಸಿದರು. ಐವತ್ತು ಅರವತ್ತರ ವಯಸ್ಸಿನಲ್ಲಿ ಹೆಚ್ಚು. ಕೆಲವೊಮ್ಮೆ ತೊಟ್ಟಿನಿಂದ ಜೋತುಬಿದ್ದ ಹಣ್ಣಿನಂತಿದ್ದು, ಮಲಗಿದಾಗ ಒಂದು ಕಡೆ, ಮಗ್ಗುಲಾದಾಗ ಇನ್ನೊಂದು ಕಡೆ ಸರಿಯುತ್ತದೆ. ಯಾವ ಸುಳಿವೂ ಕೊಡದೆ ತೆಂಗಿನಕಾಯಿಯಷ್ಟು ದೊಡ್ಡದಾಗಲೂಬಹುದು. ಇದು ಕೆಲವರಲ್ಲಿ ರಕ್ತದ ಸಕ್ಕರೆಯನ್ನು ಇಳಿಸಿಬಿಡುವ ವಸ್ತುವೊಂದನ್ನು ಒಸರುತ್ತದೆ ಎಂಬುದು ಸೋಜಿಗ. ಇನ್ಸುಲಿನ್ ಚುಚ್ಚಿಕೊಳ್ಳದ, ಮಧುಮೇಹದ ಮಾತ್ರೆ ನುಂಗದ ಮನುಷ್ಯ ಬೆಳಗಿನ ಹೊತ್ತು ಬೆವತು, ತಲೆಸುತ್ತಿ ಬಿದ್ದರೆ ಕಾರಣ ಎದೆಯೊಳಗಿನ ಈ ಗೆಡ್ಡೆಯಾಗಿರುವ ಸಂಭವ ಉಂಟು. ಗೆಡ್ಡೆಯನ್ನು ತೆಗೆದರೆ ಸಕ್ಕರೆ ತನ್ನ ಮಟ್ಟಕ್ಕೆ ಬರುತ್ತದೆ. ಇದರಲ್ಲಿ ಹೆಚ್ಚಿನವು ಸಾಧುವೇ. ಆದರೂ ಕೆಲವು ವರ್ಷಗಳ ಮೇಲೆ ಮರಳಿ ಬರುವುದುಂಟಾದ್ದರಿಂದ, ಆಪರೇಷನ್ ಆದ ಮೇಲೂ ಆಗಾಗ ತೋರಿಸುತ್ತಿರಬೇಕು.

ಹೊರಗಡೆ, ಬೆನ್ನಿನಲ್ಲಿ ಹೆಗಲಮೂಳೆಯ ಕೆಳತುದಿಯ ಅಡಿಯಲ್ಲಿ ವಯಸ್ಸಾದ ಹೆಂಗಸರಿಗೆ ಬರುವ ಒಂದು ಗಂಟೂ ಇದೆ. ೧೯೬೧ರಲ್ಲಿ ಫಿನ್ಲೆಂಡಿನ ಇಬ್ಬರು ವೈದ್ಯರು ಇದನ್ನು ಮೊದಲು ವರ್ಣಿಸಿದರು. ಕೈಯನ್ನು ಮುಂದಕ್ಕೆ ಚಾಚಿದಾಗ ಉಬ್ಬಿ ಹೊರಗೆ ಬರುತ್ತದೆ, ಇಳಿಬಿಟ್ಟರೆ ಮೂಳೆಯ ಕೆಳಗೆ ಅಡಗುತ್ತದೆ. ಹಲವು ವೇಳೆ ಎರಡು ಪಕ್ಕದಲ್ಲೂ ಇರುತ್ತದೆ. ಬಹುಕಾಲ ತೋಳಿನ ಶ್ರಮದ ಕೆಲಸ ಮಾಡಿದವರಲ್ಲಿ ಮೂಳೆಯ ಉಜ್ಜಾಟದಿಂದ ಬರುತ್ತದೆಂಬುದು ಕೆಲವರ ಅಭಿಪ್ರಾಯ, ಎಲ್ಲರೂ ಒಪ್ಪಿದ್ದಲ್ಲ. ಹೊಲದಲ್ಲಿ ಕಳೆ ಕಿತ್ತು, ಅರಿಶಿನ ಅಗೆದು, ಸೌದೆ ಹೊತ್ತು ಬೆನ್ನು ಬಾಗಿದ ನಮ್ಮ ಅಜ್ಜಿಯರ ಬೆನ್ನಿನಲ್ಲಿ ಇಂಥ ಗಂಟು ಕಂಡರೆ, ಸ್ಥಳ ಮತ್ತು ಚಿತ್ರ ಎರಡೂ ಹೊಂದಿದಲ್ಲಿ ಸಾಮಾನ್ಯವಾಗಿ ಸೂಜಿ ಚುಚ್ಚುವ ಅಗತ್ಯವೂ ಬೀಳುವುದಿಲ್ಲ. ನೋವಿದ್ದರೆ ಮಾತ್ರ ತೆಗೆಯುವ ಮಾತು.

ಇವೆಲ್ಲವನ್ನೂ ಸಾದಾ ಎಕ್ಸ್‌ರೇಯಿಂದ ಬಿಡಿಸಿ ಹೇಳಲಾಗುವುದಿಲ್ಲ. ಅದಕ್ಕೆ ಬೇಕಾದದ್ದು ಸೀಟಿ ಸ್ಕ್ಯಾನ್. ಇಂಗ್ಲೆಂಡಿನ ಇಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರದಿಂದ ೧೯೭೧ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆಯಲಾಯಿತು. ೧೯೭೯ರಲ್ಲಿ ಅವರಿಗೂ, ಗಣಿತದ ದಾರಿಯನ್ನು ಮೊದಲೇ ತೋರಿದ್ದ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಹುಮಾನ ಬಂತು. ಹಲಸಿನ ಹಣ್ಣನ್ನು ಹೊರಗಿನಿಂದ ತಟ್ಟಿ ನೋಡುವುದಕ್ಕೂ ಕೊಯ್ದು ತೊಳೆ ಎಣಿಸುವುದಕ್ಕೂ ಇರುವ ಅಂತರವೇ ಎಕ್ಸ್‌ರೇಗೂ ಸೀಟಿಗೂ ಇರುವ ಅಂತರ. ಕತ್ತಿ ತಾಗಿಸದೆ ದೇಹವನ್ನು ತೆಳು ಬಿಲ್ಲೆಗಳಾಗಿ ಕೊಯ್ದು ತೋರಿಸುವ ಯಂತ್ರ ಅದು.

ಅಷ್ಟೇ ಅಲ್ಲ, ಅದು ಪ್ರತಿಯೊಂದು ಚುಕ್ಕೆಗೂ ಒಂದು ಅಂಕಿ ಕೊಡುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ಸಾವಿರ ಕಡಿಮೆ, ಕೊಬ್ಬಿಗೆ ಸೊನ್ನೆಗಿಂತ ಸುಮಾರು ನೂರು ಕಡಿಮೆ, ಮೂಳೆಗೆ, ಸುಣ್ಣಕ್ಕೆ ನೂರಾರು ಹೆಚ್ಚು. ಈ ಅಂಕಿಗಳೇ ಗೆಡ್ಡೆಯ ಒಡಲಿನಲ್ಲಿ ಏನಿದೆ ಎಂಬುದನ್ನು ಹೇಳುತ್ತವೆ. ಹಮಾರ್ಟೋಮಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಸೀಟಿ ಚಿತ್ರ ಕೊಬ್ಬನ್ನು ತೋರಿಸಿಕೊಡುತ್ತದೆ. ಅಂಚು ನುಣುಪಾಗಿರುವ ಸಣ್ಣ ಗೆಡ್ಡೆಯೊಳಗೆ ಕೊಬ್ಬು ಕಂಡಿತೆಂದರೆ ಅದು ಸಾಧು ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಟೆರಟೋಮದಲ್ಲಾದರೆ ಕೊಬ್ಬು, ನೀರು, ಸುಣ್ಣ ಮೂರೂ ಒಂದೇ ಚೀಲದಲ್ಲಿ ಕಾಣುತ್ತವೆ. ಗಳಗಂಡವಾದರೆ ಕತ್ತಿನ ಗ್ರಂಥಿಯೊಡನೆ ಅದಕ್ಕಿರುವ ಸಂಬಂಧ ಬಿಲ್ಲೆಯಿಂದ ಬಿಲ್ಲೆಗೆ ಕಣ್ಣಿಗೆ ಕಟ್ಟುತ್ತದೆ.

ಉಳಿದ ಯಂತ್ರಗಳಿಗೂ ತಮ್ಮ ತಮ್ಮ ಕೆಲಸ ಉಂಟು. ಎದೆಗೋಡೆಗೆ ತಾಗಿದ್ದು ನೀರೋ ಗಟ್ಟಿಯೋ ಎಂದು ತಿಳಿಯಲು ಅಲ್ಟ್ರಾಸೌಂಡ್. ಬೆನ್ನುಮೂಳೆಯ ಪಕ್ಕದ ನರದ ಗೆಡ್ಡೆ ಮೂಳೆಯ ಸಂದಿನಿಂದ ಒಳಕ್ಕೆ ನುಸುಳಿದೆಯೇ ಎಂದು ನೋಡಲು ಎಂ.ಆರ್.ಐ. ಪೆಟ್ ಸ್ಕ್ಯಾನ್ ಎಂಬುದರಲ್ಲಿ ಸಕ್ಕರೆಯಂಥ ಒಂದು ವಸ್ತುವನ್ನು ರಕ್ತಕ್ಕೆ ಸೇರಿಸಿ, ಅದನ್ನು ಹೆಚ್ಚಾಗಿ ಹೀರುವ ಜಾಗ ಯಾವುದೆಂದು ನೋಡುತ್ತಾರೆ. ಕ್ಯಾನ್ಸರ್ ಹೀರುತ್ತದೆ ನಿಜ. ಆದರೆ ಕ್ಷಯವೂ ಹೀರುತ್ತದೆ. ನಮ್ಮ ದೇಶದಲ್ಲಿ ‘ಪೆಟ್‌ನಲ್ಲಿ ಹೊಳೆಯಿತು’ ಎಂಬುದೊಂದರಿಂದಲೇ ಕ್ಯಾನ್ಸರ್ ಎಂದು ಕೈಚೆಲ್ಲಬಾರದು.

ಚಿತ್ರ ತೆಗೆಸಿದರೆ ಕಿರಣಗಳ ಕೆಡುಕಿಲ್ಲವೆ ಎಂದು ನೀವು ಕೇಳಬಹುದು. ಮಣ್ಣು, ಕಲ್ಲು, ಆಕಾಶಗಳಿಂದ ನಮ್ಮೆಲ್ಲರ ಮೈಗೂ ದಿನದಿನವೂ ಅಲ್ಪ ವಿಕಿರಣ ತಾಗುತ್ತಲೇ ಇದೆ. ಎದೆಯ ಒಂದು ಎಕ್ಸ್‌ರೇ ಎಂದರೆ ಹೆಚ್ಚೆಂದರೆ ಅಂಥ ಹತ್ತು ದಿನಗಳಷ್ಟು. ಎದೆಯ ಸಾಧಾರಣ ಸೀಟಿ ಎಂದರೆ ಸುಮಾರು ಎರಡು ವರ್ಷಗಳಷ್ಟು. ಅಗತ್ಯವಿದ್ದಾಗ ಹೆದರಿ ಬಿಡುವಂಥದಲ್ಲ. ಅಗತ್ಯವಿಲ್ಲದೆ ಮತ್ತೆ ಮತ್ತೆ ತೆಗೆಸುವಂಥದೂ ಅಲ್ಲ. ಮೇಲಿಂದ ಮೇಲೆ ನೋಡಬೇಕಾದಾಗ ಕಡಿಮೆ ಕಿರಣದ ಸೀಟಿ ತೆಗೆಯುವ ಕ್ರಮವೂ ಇದೆ. ಗರ್ಭಿಣಿಯಾಗಿರುವ ಸಂಭವವಿದ್ದರೆ ಕೋಣೆಗೆ ಹೋಗುವ ಮೊದಲೇ ತಿಳಿಸತಕ್ಕದ್ದು.

ಯಂತ್ರಗಳಿಗಿಂತ ದೊಡ್ಡ ಸಾಕ್ಷಿಯೊಂದಿದೆ, ಅದು ಕಾಲ. ಶ್ವಾಸಕೋಶದ ಕ್ಯಾನ್ಸರ್ ಗೆಡ್ಡೆ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನೊಳಗೆ, ಹಲವು ವೇಳೆ ಕೆಲವೇ ತಿಂಗಳುಗಳಲ್ಲಿ, ತನ್ನ ಗಾತ್ರವನ್ನು ಇಮ್ಮಡಿ ಮಾಡಿಕೊಳ್ಳುತ್ತದೆ. ಗಾತ್ರ ಇಮ್ಮಡಿಯಾಗುವುದೆಂದರೆ ಅಡ್ಡಗಲ ಇಮ್ಮಡಿಯಾಗುವುದೆಂದಲ್ಲ. ಒಂದು ಸೆಂಟಿಮೀಟರ್ ಅಡ್ಡಗಲದ ಗುಂಡು ೧.೨೬ ಸೆಂಟಿಮೀಟರ್ ಆದರೆ ಸಾಕು, ಅದರೊಳಗಿನ ತಿರುಳು ಎರಡರಷ್ಟಾಗಿರುತ್ತದೆ. ಈ ಸೂಕ್ಷ್ಮವನ್ನು ಬರಿಗಣ್ಣು ಹಿಡಿಯಲಾರದು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳೆದರೆ ತಿಳಿಯುತ್ತದೆ. ಗಟ್ಟಿಯಾದ ಗಂಟೊಂದು ಎರಡು ವರ್ಷ ಕಳೆದರೂ ಹಾಗೆಯೇ ಇದ್ದರೆ ಅದು ಬಹುಮಟ್ಟಿಗೆ ಸಾಧುವೇ ಎಂದು ವೈದ್ಯರು ಭಾವಿಸುತ್ತಾರೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಿ. ಗುಂಡ್ಲುಪೇಟೆಗೆ ಹತ್ತಿರದ ಬೇಗೂರಿನ ಕಡೆಯ ರೈತರು, ವಯಸ್ಸು ಐವತ್ತೆಂಟು. ಹರ್ನಿಯಾ ಆಪರೇಷನ್ನಿಗೆಂದು ತೆಗೆದ ಎದೆಯ ಚಿತ್ರದಲ್ಲಿ ಎರಡು ಸೆಂಟಿಮೀಟರಿನ ದುಂಡು ನೆರಳು. ಮಗ ದಿಗಿಲುಬಿದ್ದು, ಚೆಂಡುಹೂವಿನ ಫಸಲಿನ ದುಡ್ಡನ್ನೆಲ್ಲ ಗಂಟುಕಟ್ಟಿಕೊಂಡು ಅಪ್ಪನನ್ನು ಬೆಂಗಳೂರಿಗೆ ಕರೆದೊಯ್ಯಲು ಅಣಿಯಾಗುತ್ತಾನೆ. ಸೊಸೆಗೆ ನೆನಪು: ಐದು ವರ್ಷದ ಹಿಂದೆ ಮಾವನವರು ಗಾಡಿಯಿಂದ ಬಿದ್ದಾಗಲೂ ಎದೆಯ ಚಿತ್ರ ತೆಗೆಸಿತ್ತಲ್ಲ! ಟ್ರಂಕಿನ ಅಡಿಯಿಂದ ಹಳೆಯ ಲಕೋಟೆ ಹೊರಗೆ ಬರುತ್ತದೆ. ಅಂದು ಎಲ್ಲರ ಗಮನ ಪಕ್ಕೆಲುಬಿನ ಮೇಲಿದ್ದುದರಿಂದ ಯಾರೂ ಎಣಿಕೆಗೆ ತೆಗೆದುಕೊಳ್ಳದ ಅದೇ ನೆರಳು ಅದೇ ಜಾಗದಲ್ಲಿ, ಹೆಚ್ಚುಕಡಿಮೆ ಅಷ್ಟೇ ಅಗಲವಾಗಿ ಇದೆ. ಒಂದು ಸೀಟಿ ತೆಗೆಸಿದಾಗ ಒಳಗೆ ಕೊಬ್ಬು, ಜೋಳದ ಅರಳಿನಂಥ ಸುಣ್ಣ. ವೈದ್ಯರು ಹರ್ನಿಯಾ ಆಪರೇಷನ್ ಮುಗಿಸಿ, ಎದೆಯದನ್ನು ಮುಟ್ಟದೆ, ಮುಂದಿನ ವರ್ಷ ಬನ್ನಿ ಎಂದು ಕಳುಹಿಸಬಹುದು. ಆ ಮನೆಯ ಬೆಳೆಯ ದುಡ್ಡನ್ನೂ ಯಜಮಾನರ ಪಕ್ಕೆಯನ್ನೂ ಉಳಿಸಿದ್ದು ಟ್ರಂಕಿನ ತಳದಲ್ಲಿದ್ದ ಹಳೆಯ ಹಾಳೆ.

ಆದುದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ಎದೆಯ ಹಳೆಯ ಚಿತ್ರಗಳನ್ನು ಬಿಸಾಡಬೇಡಿ. ಮನೆಪತ್ರ, ಪಹಣಿಗಳನ್ನು ಇಡುವ ಕಡೆಯಲ್ಲೇ ಅವನ್ನೂ ಇಡಿ. ಮಡಿಸಬೇಡಿ, ಬಿಸಿಲು, ಒಲೆಯ ಕಾವು, ತೇವ ತಾಗಿಸಬೇಡಿ. ಈಗಿನ ಹಾಳೆಗಳಲ್ಲಿ ಹಲವು ಕಾವಿಗೆ ಕಪ್ಪಾಗಿಬಿಡುತ್ತವೆ. ಲಕೋಟೆಯ ಮೇಲೆ ಹೆಸರು, ತಾರೀಖು ಬರೆಯಿರಿ. ಗ್ರಹಣ ನೋಡಲು ಮಕ್ಕಳು ಎಳೆದುಕೊಂಡು ಹೋಗದಂತೆ ನೋಡಿಕೊಳ್ಳಿ. ಅದರಿಂದ ಚಿತ್ರವೂ ಹಾಳು, ಕಣ್ಣಿಗೂ ಅಪಾಯ. ಸೀಟಿ ತೆಗೆಸಿದರೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ, ಏಕೆಂದರೆ ನೂರಾರು ಬಿಲ್ಲೆಗಳಲ್ಲಿ ಹಾಳೆಯ ಮೇಲೆ ಅಚ್ಚಾಗುವುದು ಕೆಲವು ಮಾತ್ರ. ಮೊಬೈಲಿನಲ್ಲಿ ಹಿಡಿದ ಫೋಟೋ ಸುದ್ದಿ ತಿಳಿಸಲು ಸಾಕು, ಅಳತೆ ಮಾಡಲು ಸಾಲದು.

ಇಷ್ಟು ಕೇಳಿ, ‘ಹಾಗಾದರೆ ನೆರಳು ಕಂಡರೆ ಸುಮ್ಮನಿದ್ದುಬಿಡೋಣ’ ಎಂದುಕೊಂಡರೆ ಅದು ಇನ್ನೊಂದು ಬಗೆಯ ಅನರ್ಥ. ಸಾಧು ಗೆಡ್ಡೆ ಅಪರೂಪ. ಕ್ಷಯ, ಕ್ಯಾನ್ಸರ್ ಅಷ್ಟು ಅಪರೂಪವಲ್ಲ. ನೆರಳಿನ ಅಂಚು ಮುಳ್ಳುಮುಳ್ಳಾಗಿದ್ದರೆ, ಹೊಸದಾಗಿ ಹುಟ್ಟಿದ್ದಾದರೆ, ಬೆಳೆಯುತ್ತಿದ್ದರೆ, ಮೂರು ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ ತಡಮಾಡಬಾರದು. ಕಫದಲ್ಲಿ ರಕ್ತ, ತಾನಾಗಿ ತೂಕ ಇಳಿಯುವುದು, ದನಿ ಒಡೆದು ವಾಸಿಯಾಗದಿರುವುದು, ಮುಖ ಕತ್ತು ಊದಿಕೊಳ್ಳುವುದು, ಬೆರಳ ತುದಿ ಗುಂಡಗೆ ದಪ್ಪಗಾಗುವುದು, ಇವುಗಳಲ್ಲಿ ಯಾವುದಿದ್ದರೂ ಹಾಗೆಯೇ. ಬಹುಕಾಲ ಬೀಡಿ ಸಿಗರೇಟು ಸೇದಿದವರಲ್ಲಿ ಸಣ್ಣ ನೆರಳನ್ನೂ ಹಗುರವಾಗಿ ಕಾಣಬಾರದು. ಸಾಧು ಗೆಡ್ಡೆಯೇ ಆದರೂ ಉಸಿರುನಾಳವನ್ನೋ ನರವನ್ನೋ ಒತ್ತುತ್ತಿದ್ದರೆ ತೆಗೆಯಲೇಬೇಕಾಗುತ್ತದೆ.

ಚಿತ್ರದಿಂದ ನಿಶ್ಚಯವಾಗದಿದ್ದರೆ ಸೂಜಿಯಿಂದ ಗೆಡ್ಡೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ‘ಸೂಜಿ ಚುಚ್ಚಿದರೆ ಗೆಡ್ಡೆ ಕೆರಳಿ ಮೈಯೆಲ್ಲ ಹರಡುತ್ತದೆ’ ಎಂಬ ಮಾತು ನಮ್ಮ ಕಡೆ ಬಲವಾಗಿದೆ. ಹಾಗಾಗುವುದು ತೀರ ವಿರಳ. ಈ ಮಾತಿಗೆ ಹೆದರಿ ಪರೀಕ್ಷೆಯನ್ನು ಮುಂದೂಡಿ, ಕೈಮೀರಿದ ಮೇಲೆ ಬರುವವರ ಸಂಕಟವೇ ದೊಡ್ಡದು.

ಎಲ್ಲಿಗೆ ಹೋಗಬೇಕು? ಹಿಂದೆ ಈ ಸೀಮೆಯವರಿಗೆ ಎದೆಯ ಕಾಯಿಲೆ ಎಂದರೆ ಮೈಸೂರಿನ ದಾರಿಯೇ ಗತಿಯಾಗಿತ್ತು. ಚಾಮರಾಜನಗರ ೧೯೯೭ರಲ್ಲಿ ಬೇರೆ ಜಿಲ್ಲೆಯಾಯಿತು. ೨೦೧೬ರಲ್ಲಿ ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಗುಂಡ್ಲುಪೇಟೆಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ, ಕಫದ ಪರೀಕ್ಷೆ ಮುಗಿಸಿ, ಅಲ್ಲಿಂದ ಚೀಟಿ ಪಡೆದು ಚಾಮರಾಜನಗರಕ್ಕೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗುವುದು ಕ್ರಮ. ಎದೆಯ ದೊಡ್ಡ ಶಸ್ತ್ರಕ್ರಿಯೆ ಬೇಕಾದರೆ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಕ್ಯಾನ್ಸರ್ ಎಂದು ಖಚಿತವಾದರೆ ಕಿದ್ವಾಯಿ ಸಂಸ್ಥೆ ಇವೆ. ಎಲ್ಲಿಗೇ ಹೋಗಿ, ಹಳೆಯ ಹೊಸ ಚಿತ್ರಗಳೆಲ್ಲ ಕೈಯಲ್ಲಿರಲಿ, ಜೊತೆಗೆ ಪಡಿತರ ಚೀಟಿ, ಆಧಾರ್ ಇರಲಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಸಹಾಯಕ್ಕೆ ಅವು ಬೇಕಾಗುತ್ತವೆ.

ವೈದ್ಯರ ಮುಂದೆ ಕುಳಿತಾಗ ಐದು ಪ್ರಶ್ನೆಗಳನ್ನು ಮರೆಯದೆ ಕೇಳಿ. ಈ ನೆರಳು ಶ್ವಾಸಕೋಶದ ಒಳಗಿದೆಯೋ ಹೊರಗೋ? ಎಷ್ಟು ದೊಡ್ಡದು? ಒಳಗೆ ಕೊಬ್ಬೋ ಸುಣ್ಣವೋ ಕಾಣುತ್ತದೆಯೆ? ಹಳೆಯ ಚಿತ್ರಕ್ಕೆ ಹೋಲಿಸಿದರೆ ಬೆಳೆದಿದೆಯೆ? ಮುಂದಿನ ಚಿತ್ರ ಯಾವಾಗ? ಇವು ಅಧಿಕಪ್ರಸಂಗದ ಪ್ರಶ್ನೆಗಳಲ್ಲ. ಒಳ್ಳೆಯ ವೈದ್ಯರು ಇವನ್ನು ಕೇಳುವ ರೋಗಿಯನ್ನು ಮೆಚ್ಚುತ್ತಾರೆ. ‘ಕಾದು ನೋಡೋಣ’ ಎಂದು ಅವರು ಹೇಳಿದರೆ ಅದು ಉದಾಸೀನದ ಮಾತೆಂದು ತಿಳಿಯಬೇಡಿ. ತಾರೀಖು ಗೊತ್ತುಮಾಡಿಕೊಂಡು ಕಾಯುವುದೂ ಒಂದು ಚಿಕಿತ್ಸೆಯೇ. ಆ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತುಹಾಕಿ, ಹಬ್ಬ ಬಂದರೂ ಸುಗ್ಗಿ ಬಂದರೂ ತಪ್ಪಿಸದೆ ಹೋಗಿ ಬನ್ನಿ.